ಮೇಡ್ ಇನ್ ಎಲ್ಲಿ ಅನ್ನೋದರಿಂದ ಎಲೆಕ್ಟ್ರಿಕ್ ಗಿಟಾರ್ ಟೋನ್ ನಿಜವಾಗಿ ಬದಲಾಗುತ್ತಾ?

ಮೈಸೂರು ಸ್ಟ್ರ್ಯಾಟ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಒಂದು ಬ್ಯಾಂಡ್‌ನಲ್ಲಿ ಗಿಟಾರ್ ನುಡಿಸುತ್ತೇನೆ. ಹಳೇ ಕನ್ನಡ ಸಿನಿಮಾ ಹಾಡು, ಬ್ಲೂಸ್, ಸ್ವಲ್ಪ ಫಂಕ್. ಒಂದು ಒಳ್ಳೆ ಸ್ಟ್ರ್ಯಾಟೊಕಾಸ್ಟರ್ (ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್ ಮಾದರಿ, ಚಿಕ್ಕದಾಗಿ ಸ್ಟ್ರ್ಯಾಟ್) ತಗೋಬೇಕು ಅಂತ ದುಡ್ಡು ಕೂಡಿಟ್ಟಿದ್ದೇನೆ, ಈಗ ತಲೆ ಕೆಟ್ಟುಹೋಗಿದೆ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ಇಂಡೋನೇಷ್ಯಾದ ಸ್ಕ್ವೈಯರ್ (ಫೆಂಡರ್ ಕಂಪನಿಯದ್ದೇ ಕಡಿಮೆ ಬೆಲೆಯ ಬ್ರ್ಯಾಂಡ್) ಕ್ಲಾಸಿಕ್ ವೈಬ್ ಮತ್ತು ಮೆಕ್ಸಿಕೋದ ಫೆಂಡರ್ ಪ್ಲೇಯರ್ ಎರಡನ್ನೂ ನುಡಿಸಿ ನೋಡಿದೆ. ನಿಜ ಹೇಳಬೇಕು ಅಂದ್ರೆ ಕ್ಲೀನ್ ಸೌಂಡ್‌ನಲ್ಲಿ ಸ್ಕ್ವೈಯರ್ ನನಗೆ ಜಾಸ್ತಿ ಇಷ್ಟವಾಯಿತು. ಆದರೆ ಮೆಕ್ಸಿಕೋದ್ದು ಕೈಗೆ ಚೆನ್ನಾಗಿ ಕೂತಿತು, ಬೆಂಡ್ ಮಾಡಿದರೂ (ತಂತಿ ಪಕ್ಕಕ್ಕೆ ಎಳೆದರೂ) ಶ್ರುತಿ ಬಿಡಲಿಲ್ಲ. ಅಂಗಡಿಯವರು ಮಾತ್ರ ಎರಡನ್ನೂ ಬಿಡಿ, ಅಮೆರಿಕದ್ದು ತಗೊಳ್ಳಿ, ಅಲ್ಲಿ ಮಾಡಿದ್ದರಲ್ಲಿ ಮಾತ್ರ ಆ ನಾದ ಬರೋದು ಅಂದರು. ಅದರ ಬೆಲೆ ಮೆಕ್ಸಿಕೋದ್ದರ ಎರಡು ಪಟ್ಟು. ನಮ್ಮ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುವ ಗೆಳೆಯ ಎಲ್ಲಾ ಮರದಲ್ಲೇ ಇರೋದು ಅಂತಾನೆ. ಭಾವ ಸ್ಯಾನ್‌ಹೊಸೆಯಲ್ಲಿದ್ದಾರೆ, ಡಿಸೆಂಬರ್‌ನಲ್ಲಿ ಬರುವಾಗ ತಂದುಕೊಡ್ತೀನಿ ಅಂದಿದ್ದಾರೆ.

ನನ್ನ ಪ್ರಶ್ನೆ ನೇರವಾಗಿದೆ. ದೇಶ ಬದಲಾದರೆ ಟೋನ್ ಬದಲಾಗುತ್ತಾ? ಬದಲಾಗೋದಾದರೆ ಯಾವ ಭಾಗದಿಂದ? ಸುಮ್ನೆ ಹೆಸರಿಗೆ ದುಡ್ಡು ಕೊಡೋಕೆ ಮನಸ್ಸಿಲ್ಲ, ಹಾಗಂತ ಎರಡು ವರ್ಷಕ್ಕೆ ಬೇಜಾರಾಗುವ ಗಿಟಾರೂ ಬೇಡ.

ಆಂಪ್ ಧಾರವಾಡ ಬರೆದಿದ್ದು:

ಮೊದಲು ಒಂದು ಮಾತು. ಅಂಗಡಿಯಲ್ಲಿ ಎರಡನ್ನೂ ಒಂದೇ ಆಂಪ್‌ಗೆ (ಆಂಪ್ಲಿಫೈಯರ್‌ಗೆ), ಒಂದೇ ಕೇಬಲ್‌ನಲ್ಲಿ, ಒಂದೇ ವಾಲ್ಯೂಮಿನಲ್ಲಿ ಹಾಕಿ ಕೇಳಿದ್ರಾ? ಇಲ್ಲ ಅಂದ್ರೆ ನೀವು ಕೇಳಿದ ವ್ಯತ್ಯಾಸದಲ್ಲಿ ಗಿಟಾರ್‌ದು ಎಷ್ಟು ಅಂತ ಹೇಳೋಕೇ ಆಗಲ್ಲ.

ವೀಣೆಯಲ್ಲಿ ಹಲಸಿನ ಮರದ ಕೊಡವೇ ಗಾಳಿಯನ್ನು ಅಲುಗಿಸಿ ನಾದ ಹೊರಡಿಸುತ್ತದೆ. ಅಲ್ಲಿ ಮರ ಬದಲಾದರೆ ನಾದ ಬದಲಾಗಲೇಬೇಕು. ಎಲೆಕ್ಟ್ರಿಕ್ ಗಿಟಾರ್ ಹಾಗಲ್ಲ. ತಂತಿಗಳ ಕೆಳಗೆ ಬಾಡಿಯಲ್ಲಿ ಕೂರಿಸಿರೋ ಪಿಕಪ್ ಒಳಗೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಅಲುಗಿದಾಗ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತದೆ. ಆಂಪ್‌ಗೆ ಹೋಗೋದು ಅದೊಂದೇ. ಮರದ ಸದ್ದನ್ನು ಪಿಕಪ್ ಕೇಳಿಸಿಕೊಳ್ಳುವುದಿಲ್ಲ. ತಂತಿ ಹೇಗೆ ಅಲುಗುತ್ತದೆ ಅನ್ನುವುದರ ಮೇಲೆ ಮರ ಸ್ವಲ್ಪ ಪರಿಣಾಮ ಮಾಡಬಹುದು, ಅಷ್ಟೇ.

ಇದು ಹೊಸ ವಿಷಯವೂ ಅಲ್ಲ. 1940ರ ಸುಮಾರಿಗೇ ಗಿಟಾರ್ ವಾದಕ ಲೆಸ್ ಪಾಲ್ ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ ಒಂದು ಪೈನ್ ತೊಲೆಗೆ ಪಿಕಪ್ ಕೂರಿಸಿ, ನೋಡೋಕೆ ಗಿಟಾರ್ ಥರ ಇರಲಿ ಅಂತ ಎರಡು ಕಡೆ ಬಾಡಿಯ ತುಂಡು ಅಂಟಿಸಿ ನುಡಿಸಿದ್ದರು. ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ 1949ರಲ್ಲಿ ಮಾಡಿದ ಮೊದಲ ಮಾದರಿಯ ಬಾಡಿಯೂ ಪೈನೇ. ಡ್ಯಾನೆಲೆಕ್ಟ್ರೋ ಕಂಪನಿ ಮೇಸನೈಟ್ ಹಲಗೆಯಲ್ಲಿ, ಅಂದ್ರೆ ಒತ್ತಿದ ಮರದ ನಾರಿನ ಶೀಟಿನಲ್ಲಿ ಗಿಟಾರ್ ಮಾಡಿತು. ಅದನ್ನು ಲೆಡ್ ಜೆಪ್ಪೆಲಿನ್ ಬ್ಯಾಂಡಿನ ಜಿಮ್ಮಿ ಪೇಜ್ ವೇದಿಕೆ ಮೇಲೆ ನುಡಿಸಿದರು. ಕ್ವೀನ್ ಬ್ಯಾಂಡಿನ ಬ್ರಿಯಾನ್ ಮೇ ಹುಡುಗನಾಗಿದ್ದಾಗ ಅಪ್ಪನ ಜೊತೆ ಸೇರಿ ಹಳೇ ಬೆಂಕಿಗೂಡಿನ ಮರದಿಂದ ನೆಕ್ (ಗಿಟಾರ್‌ನ ಉದ್ದನೆಯ ಹಿಡಿ) ಮಾಡಿದ ಗಿಟಾರನ್ನೇ ಜೀವನಪೂರ್ತಿ ನುಡಿಸಿಕೊಂಡು ಬಂದಿದ್ದಾರೆ. ಅದು ಯಾವ ಕಾರ್ಖಾನೆಯದ್ದೂ ಅಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿಂದ ಬರುತ್ತದೆ? ನನ್ನ ಪ್ರಕಾರ ಮೊದಲು ಪಿಕಪ್. ಮೆಕ್ಸಿಕೋದ ಹಳೇ ಸ್ಟ್ಯಾಂಡರ್ಡ್ ಸ್ಟ್ರ್ಯಾಟ್‌ನಲ್ಲಿ ಸಿರಾಮಿಕ್ ಅಯಸ್ಕಾಂತ ಇತ್ತು. 2018ರಲ್ಲಿ ಪ್ಲೇಯರ್ ಸರಣಿ ಬಂದಾಗ ಆಲ್ನಿಕೋ 5 (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಮಿಶ್ರಲೋಹದ ಅಯಸ್ಕಾಂತ) ಹಾಕಿದರು. ಅದೇ ಎನ್ಸೆನಾಡ ಊರು, ಅದೇ ಕಾರ್ಖಾನೆ, ಆದರೆ ಸೌಂಡ್ ಬೇರೆ. ದೇಶ ಎಲ್ಲಿ ಬದಲಾಯಿತು ಹೇಳಿ? ನಿಮ್ಮ ಕ್ಲಾಸಿಕ್ ವೈಬ್‌ನಲ್ಲೂ ಹಳೇ ಶೈಲಿಯ ಆಲ್ನಿಕೋ ಪಿಕಪ್‌ಗಳೇ ಇವೆ. ನಿಮಗೆ ಅದು ಇಷ್ಟವಾಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಆಮೇಲೆ ಪಾಟ್, ಅಂದ್ರೆ ವಾಲ್ಯೂಮ್ ಗುಂಡಿ ಕೆಳಗಿರೋ ತಿರುಗುವ ರೆಸಿಸ್ಟರ್. ಸ್ಟ್ರ್ಯಾಟ್‌ಗೆ 250 ಕೆ (ಕಿಲೋ ಓಮ್) ಹಾಕುತ್ತಾರೆ. ಕಡಿಮೆ ಬೆಲೆಯ ಪಾಟ್‌ಗೆ ಶೇ 20ರಷ್ಟು ಆಚೆ ಈಚೆ ಆಗಬಹುದು. ಒಂದರಲ್ಲಿ ಮೀಟರ್ ಇಟ್ಟರೆ 205 ಕೆ, ಪಕ್ಕದ್ದರಲ್ಲಿ 290 ಕೆ. ಕಡಿಮೆ ಇದ್ದದ್ದು ಮಂಕು, ಜಾಸ್ತಿ ಇದ್ದದ್ದು ಚುರುಕು. ಒಂದೇ ದಿನ ಒಂದೇ ಮೇಜಿನಿಂದ ಬಂದ ಎರಡು ಗಿಟಾರ್ ಬೇರೆ ಬೇರೆ ಕೇಳಿಸೋಕೆ ಇಷ್ಟೇ ಸಾಕು. ಜನ ಅದನ್ನು ಮರದ ಮೇಲೆ ಹಾಕುತ್ತಾರೆ.

ಕೇಬಲ್ ವಿಷಯ ಯಾರೂ ಮಾತಾಡಲ್ಲ. ಸಾಮಾನ್ಯ ಗಿಟಾರ್ ಕೇಬಲ್‌ನಲ್ಲಿ ಮೀಟರಿಗೆ ಹೆಚ್ಚುಕಡಿಮೆ 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಮೂರು ಮೀಟರ್ ಕೇಬಲ್ ತೆಗೆದು ಆರು ಮೀಟರ್ ಹಾಕಿದರೆ ಪಿಕಪ್‌ನ ರೆಸೊನೆನ್ಸ್ (ಅದು ಹೆಚ್ಚು ಜೋರಾಗಿ ಸ್ಪಂದಿಸುವ ಆವರ್ತನ) ಕೆಳಗಿಳಿದು ಮೇಲಿನ ಹೊಳಪು ಕಮ್ಮಿಯಾಗುತ್ತದೆ. ಕುರುಡು ಪರೀಕ್ಷೆಯಲ್ಲೂ ಕಿವಿಗೆ ಸಿಗುವ ವ್ಯತ್ಯಾಸ ಅದು.

ಫ್ರೆಟ್ ಕೆಲಸ ಬರೆದಿದ್ದು:

ಧಾರವಾಡದವರು ಹೇಳಿದ್ದು ಸರಿ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಗಿಟಾರ್ ಹೇಗೆ ಕಟ್ಟಿದರೂ ನಡೆಯುತ್ತೆ ಅನ್ನೋ ಅರ್ಥ ಬಂದುಬಿಡುತ್ತದೆ. ನಾನು ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ, ಸೆಟಪ್ (ತಂತಿ ಎತ್ತರ, ನೆಕ್ ಬಾಗು ಸರಿ ಮಾಡೋದು) ಮಾಡುವವನು. ದಿನವೂ ಎಲ್ಲ ದೇಶದ ಗಿಟಾರ್ ಬೆಂಚಿನ ಮೇಲೆ ಬರುತ್ತವೆ. ಕಟ್ಟುವ ಕೆಲಸ ಮುಖ್ಯ, ತುಂಬಾನೇ ಮುಖ್ಯ. ಅದು ಟೋನ್‌ಗಿಂತ ಮೊದಲು ಕೈಗೆ ಗೊತ್ತಾಗುತ್ತದೆ.

ಬಾಡಿ, ನೆಕ್ ಕೊರೆಯೋದು ಈಗ ಎಲ್ಲ ಕಡೆ ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ನಡೆಸುವ ಯಂತ್ರ. ಕರೋನಾ ಊರಿನಲ್ಲಾಗಲಿ (ಕ್ಯಾಲಿಫೋರ್ನಿಯಾದ್ದು, ಫೆಂಡರ್ ಕಾರ್ಖಾನೆ ಇರೋದು ಅಲ್ಲೇ), ಇಂಡೋನೇಷ್ಯಾದ ಸುರಬಾಯಾದಲ್ಲಾಗಲಿ ಆ ಕೆಲಸ ಒಂದೇ ಥರ ನಿಖರ. ವ್ಯತ್ಯಾಸ ಇರೋದು ಯಂತ್ರ ನಿಂತ ಮೇಲೆ ಮನುಷ್ಯ ಎಷ್ಟು ಹೊತ್ತು ಕೊಡುತ್ತಾನೆ ಅನ್ನೋದರಲ್ಲಿ. ಫ್ರೆಟ್‌ಗಳ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳ) ತುದಿ ಉಜ್ಜಿ ದುಂಡಗೆ ಮಾಡೋದು, ಎಲ್ಲ ಫ್ರೆಟ್ ಒಂದೇ ಮಟ್ಟಕ್ಕೆ ತರೋದು, ನಟ್‌ನ (ನೆಕ್ ತುದಿಯಲ್ಲಿ ತಂತಿಗಳು ಹಾದುಹೋಗುವ ಸಣ್ಣ ಪಟ್ಟಿಯ) ಸೀಳುಗಳನ್ನು ಸರಿಯಾದ ಆಳಕ್ಕೆ ಅರದಿಂದ ಉಜ್ಜೋದು. ಇದಕ್ಕೆ ಸಮಯ ಬೇಕು. ಸಮಯ ಅಂದ್ರೆ ಕೂಲಿ. ಕಡಿಮೆ ಬೆಲೆಯ ಗಿಟಾರ್‌ನಲ್ಲಿ ಮೊದಲು ಕತ್ತರಿ ಬೀಳೋದು ಇಲ್ಲೇ.

ಹೋದ ವಾರ ಬಂದ ಒಂದು ಗಿಟಾರ್ ವಿಷಯ ಹೇಳ್ತೀನಿ. ಬಿ ತಂತಿ ಬೆಂಡ್ ಮಾಡಿ ಬಿಟ್ಟರೆ ಶ್ರುತಿ ಕೆಳಗೇ ನಿಂತುಬಿಡುತ್ತಿತ್ತು. ಓನರ್ ಹುಡುಗ ಟ್ಯೂನರ್ ಸರಿಯಿಲ್ಲ, ಚೈನಾ ಮಾಲು, ಹೊಸ ಟ್ಯೂನರ್ ಹಾಕಿಕೊಡಿ ಅಂತ ತಂದಿದ್ದ. ಟ್ಯೂನರ್ ಚೆನ್ನಾಗೇ ಇತ್ತು. ನಟ್‌ನ ಸೀಳು ತಂತಿಗಿಂತ ಕಿರಿದಾಗಿತ್ತು. ತಂತಿ ಅಲ್ಲಿ ಸಿಕ್ಕಿಕೊಂಡು ಟಿಂಕ್ ಅಂತ ಸಣ್ಣ ಸದ್ದು ಮಾಡುತ್ತಿತ್ತು. ಸಣ್ಣ ಅರ ಹಾಕಿ ನಾಲ್ಕು ಸಲ ಎಳೆದು, ಸೀಳಿಗೆ ಪೆನ್ಸಿಲ್ ಸೀಸ ಉಜ್ಜಿದೆ. ಮುಗೀತು. ಹೀಗೆ ಬರುವ ಗಿಟಾರ್‌ಗಳಲ್ಲಿ ಅಮೆರಿಕದವೂ ಇರುತ್ತವೆ, ಆದರೆ ಕಮ್ಮಿ. ಅದಕ್ಕೇ ಜಾಸ್ತಿ ದುಡ್ಡು ಕೊಡೋದು.

ಲೋಹದ ಭಾಗಗಳೂ ಹಾಗೇ. ಕಡಿಮೆ ಬೆಲೆಯ ಟ್ರೆಮೊಲೊ ಬ್ಲಾಕ್ (ಬಾಡಿಯಲ್ಲಿ ತಂತಿಗಳ ಕೊನೆ ಹಿಡಿದಿಡುವ ಲೋಹದ ತುಂಡು) ಸತುವಿನ ಎರಕ, ಮೇಲಿನ ಮಟ್ಟದ್ದು ಉಕ್ಕು. ಸ್ಕ್ವೈಯರ್‌ನ ಅಫಿನಿಟಿ ಸರಣಿಯಲ್ಲಿ ಬಾಡಿಯೇ ತೆಳು, ಹಾಗಾಗಿ ಬ್ಲಾಕೂ ಚಿಕ್ಕದು. ಇದು ಕಿವಿಗೆ ಎಷ್ಟು ಗೊತ್ತಾಗುತ್ತೆ ಅನ್ನೋದರ ಬಗ್ಗೆ ಜನ ಜಗಳ ಆಡ್ತಾರೆ, ನಾನು ಆಡಲ್ಲ. ಸ್ಕ್ರೂ ದಾರ ಬೇಗ ಸವೆಯುತ್ತದೆ ಅನ್ನೋದು ಮಾತ್ರ ಕಣ್ಣಾರೆ ನೋಡಿದ್ದು.

ಇನ್ನು ನಮ್ಮ ಹವೆ. ಮರ ಸರಿಯಾಗಿ ಒಣಗದಿದ್ದರೆ ಕಾರ್ಖಾನೆಯಲ್ಲಿ ಚೆನ್ನಾಗಿದ್ದ ನೆಕ್ ಬೆಂಗಳೂರಿನ ಮಾರ್ಚ್ ತಿಂಗಳ ಒಣ ಗಾಳಿಗೆ ಕುಗ್ಗುತ್ತದೆ. ಫ್ರೆಟ್ ಲೋಹ ಕುಗ್ಗಲ್ಲ. ಫ್ರೆಟ್ ತುದಿ ಹೊರಗೆ ಚಾಚಿ ಕೈಗೆ ಗರಗಸದ ಥರ ತಾಗುತ್ತದೆ. ಇದು ಎಲ್ಲ ದೇಶದ್ದಕ್ಕೂ ಆಗುತ್ತದೆ, ಆದರೆ ಮರಕ್ಕೆ ಸಮಯ ಕೊಟ್ಟು ಒಣಗಿಸಿದವರದ್ದಕ್ಕೆ ಕಮ್ಮಿ. ಕೊಳ್ಳುವಾಗ ನೆಕ್‌ನ ಎರಡೂ ಅಂಚಿನ ಮೇಲೆ ಅಂಗೈ ಸವರಿ ನೋಡಿ.

ಮೈಸೂರಿನವರೇ, ನೀವು ಅಂಗಡಿಯಲ್ಲಿ ನುಡಿಸಿದ ಎರಡೂ ಗಿಟಾರ್ ಸೆಟಪ್ ಆಗಿದ್ದವಾ? ನನಗೆ ಅನುಮಾನ. ಪಿಕಪ್ ಎತ್ತರವೊಂದನ್ನೇ ತಗೊಳ್ಳಿ. ಫೆಂಡರ್ ಹೇಳೋ ಪ್ರಕಾರ ಹಳೇ ಶೈಲಿಯ ಸಿಂಗಲ್ ಕಾಯಿಲ್‌ಗೆ, ಕೊನೇ ಫ್ರೆಟ್ ಒತ್ತಿ ಹಿಡಿದಾಗ ದಪ್ಪ ತಂತಿ ಕೆಳಗೆ 2.4 ಮಿ.ಮೀ., ಸಣ್ಣ ತಂತಿ ಕೆಳಗೆ 2 ಮಿ.ಮೀ. ಜಾಗ ಇರಬೇಕು. ಪಿಕಪ್ ಜಾಸ್ತಿ ಮೇಲೆ ಬಂದರೆ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ. ದಪ್ಪ ಇ ತಂತಿಯನ್ನು ಮೇಲಿನ ಫ್ರೆಟ್‌ನಲ್ಲಿ ನುಡಿಸಿದರೆ ಎರಡು ಸ್ವರ ಒಟ್ಟಿಗೆ ತೇಲಿದ ಹಾಗೆ ಕೇಳಿಸುತ್ತದೆ, ಸಸ್ಟೇನ್ (ಸ್ವರ ನಿಲ್ಲುವ ಹೊತ್ತು) ಸಾಯುತ್ತದೆ. ಅದಕ್ಕೆ ಬೇಕಾಗಿರೋದು ಒಂದು ಸ್ಕ್ರೂಡ್ರೈವರ್ ಅಷ್ಟೇ, ಬೇರೆ ದೇಶದ ಗಿಟಾರ್ ಅಲ್ಲ.

ಕುಡ್ಲ ಬ್ಲೂಸ್ ಬರೆದಿದ್ದು:

ಮರ ಏನೂ ಮಾಡಲ್ಲ ಅನ್ನೋದನ್ನು ನಾನು ಒಪ್ಪಲ್ಲ. ನಿಮ್ಮ ಬಾಸ್ ಗೆಳೆಯನ ಪರವಾಗಿ ಒಂದು ಮಾತು.

ಒಂದು ಸ್ಟ್ರ್ಯಾಟ್ ತಗೊಳ್ಳಿ, ಆಂಪ್‌ಗೆ ಹಾಕಲೇಬೇಡಿ. ಜಿ ತಂತಿಯಲ್ಲಿ ಐದನೇ ಫ್ರೆಟ್‌ನಿಂದ ಏಳನೇ ಫ್ರೆಟ್ ತನಕ ಒಂದೊಂದೇ ಸ್ವರ ನುಡಿಸಿ, ಎಷ್ಟು ಹೊತ್ತು ನಿಲ್ಲುತ್ತದೆ ಕೇಳಿ. ತುಂಬಾ ಗಿಟಾರ್‌ಗಳಲ್ಲಿ ಅಲ್ಲೊಂದು ಸ್ವರ ಬೇಗ ಸಾಯುತ್ತದೆ. ಡೆಡ್ ಸ್ಪಾಟ್ ಅಂತಾರೆ. ಅದು ಫ್ರೆಟ್ ತಪ್ಪಲ್ಲ. ಆ ಸ್ವರದ ಕಂಪನ ನೆಕ್ ತಾನೇ ಅಲುಗುವ ಕಂಪನಕ್ಕೆ ಹೊಂದಿಬಿಡುತ್ತದೆ, ತಂತಿಯ ಶಕ್ತಿಯನ್ನು ನೆಕ್ ಕುಡಿದುಬಿಡುತ್ತದೆ. ಈಗ ಹೆಡ್‌ಸ್ಟಾಕ್‌ಗೆ (ನೆಕ್ ತುದಿಯ ತಲೆ ಭಾಗಕ್ಕೆ) ಬಡಗಿಗಳ ಒಂದು ಸಣ್ಣ ಕ್ಲಾಂಪ್ ಸಿಕ್ಕಿಸಿ ಮತ್ತೆ ನುಡಿಸಿ. ಸತ್ತ ಸ್ವರ ಬದುಕುತ್ತದೆ, ಪಕ್ಕದ್ದು ಯಾವುದೋ ಸ್ವಲ್ಪ ಮಂಕಾಗುತ್ತದೆ. ತೂಕ ಸೇರಿಸಿದ್ದರಿಂದ ನೆಕ್‌ನ ಕಂಪನ ಕೆಳಗಿಳಿಯಿತು, ಅದಕ್ಕೆ.

ಅಂದ್ರೆ ನೆಕ್ ಎಷ್ಟು ಬಿಗಿ, ಎಷ್ಟು ತೂಕ, ಬಾಡಿಯ ಜೋಡಣೆ ಎಷ್ಟು ಗಟ್ಟಿ ಅನ್ನೋದು ತಂತಿಗೆ ಗೊತ್ತಾಗುತ್ತದೆ. ತಂತಿಗೆ ಗೊತ್ತಾದದ್ದು ಪಿಕಪ್‌ಗೂ ಗೊತ್ತಾಗುತ್ತದೆ. ಆದರೆ ಇದಕ್ಕೂ ದೇಶಕ್ಕೂ ಸಂಬಂಧ ಇಲ್ಲ, ಅದನ್ನು ಒಪ್ಪುತ್ತೇನೆ. ಪ್ರತಿ ಮರದ ತುಂಡೂ ಬೇರೆ. ದುಬಾರಿ ಅಮೆರಿಕನ್‌ನಲ್ಲೂ ಡೆಡ್ ಸ್ಪಾಟ್ ಕೇಳಿದ್ದೇನೆ. ಅದಕ್ಕೇ ನೋಡದೆ, ನುಡಿಸದೆ ಆನ್‌ಲೈನ್‌ನಲ್ಲಿ ತರಿಸಬೇಡಿ ಅನ್ನೋದು.

ಇನ್ನೊಂದು, ಮಂಗಳೂರಿನ ಮಳೆಗಾಲದಲ್ಲಿ ಕಡಿಮೆ ಬೆಲೆಯ ಬ್ರಿಡ್ಜ್ ಸ್ಕ್ರೂಗಳು ಒಂದೇ ವರ್ಷಕ್ಕೆ ತುಕ್ಕು ಹಿಡಿಯುತ್ತವೆ. ಮೈಸೂರಿನಲ್ಲಿ ನಿಮಗೆ ಆ ಕಷ್ಟ ಇಲ್ಲ.

ಮೈಸೂರು ಸ್ಟ್ರ್ಯಾಟ್ ಬರೆದಿದ್ದು:

ತುಂಬಾ ಥ್ಯಾಂಕ್ಸ್. ಆಂಪ್ ಒಂದೇ ಇತ್ತು, ಆದರೆ ಕೇಬಲ್ ಬೇರೆ ಬೇರೆ. ಸೆಟಪ್ ಆಗಿತ್ತಾ ಅಂತ ಕೇಳಲಿಲ್ಲ, ಸ್ಕ್ವೈಯರ್‌ನಲ್ಲಿ ತಂತಿ ಎತ್ತರ ಜಾಸ್ತಿಯೇ ಇತ್ತು ಅನಿಸುತ್ತೆ.

ಭಾವ ಅಲ್ಲಿ ಎಂಬತ್ತರ ದಶಕದ ಜಪಾನ್ ಗಿಟಾರ್ ನೋಡಿದ್ದಾರಂತೆ. ಜಪಾನ್ ಫೆಂಡರ್ ಅಮೆರಿಕದ್ದಕ್ಕಿಂತ ಚೆನ್ನಾಗಿತ್ತು ಅನ್ನೋ ಮಾತು ನಿಜವಾ, ಕಥೆನಾ?

ಸ್ಯಾನ್‌ಹೊಸೆ ಕನ್ನಡಿಗ ಬರೆದಿದ್ದು:

ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೀತೀನಿ.

ಲಿಯೋ ಫೆಂಡರ್ 1965ರಲ್ಲಿ ಕಂಪನಿಯನ್ನು ಅಮೆರಿಕದ ಟಿವಿ, ರೇಡಿಯೋ ಕಂಪನಿ ಸಿಬಿಎಸ್‌ಗೆ 1.3 ಕೋಟಿ ಡಾಲರಿಗೆ ಮಾರಿದರು. ಕಾರ್ಖಾನೆ ಕ್ಯಾಲಿಫೋರ್ನಿಯಾದ ಅದೇ ಫುಲರ್ಟನ್‌ನಲ್ಲೇ ಇತ್ತು. ದೇಶ ಬದಲಾಗಲಿಲ್ಲ, ಊರು ಬದಲಾಗಲಿಲ್ಲ. ಬದಲಾಗಿದ್ದು ಕಂಪನಿ ನಡೆಸುವವರು. ಎಪ್ಪತ್ತರ ದಶಕಕ್ಕೆ ಬಂದಾಗ ಎಷ್ಟೋ ಗಿಟಾರ್‌ಗಳು ಭಾರ, ಮೇಲೆ ದಪ್ಪ ಪಾಲಿಯೆಸ್ಟರ್ ಲೇಪ, 1971ರಿಂದ ನೆಕ್ ಹಿಡಿಯೋಕೆ ನಾಲ್ಕು ಸ್ಕ್ರೂ ಬದಲು ಮೂರು. ಮೂರು ಸ್ಕ್ರೂ ವಿನ್ಯಾಸವೇ ಕೆಟ್ಟದ್ದಲ್ಲ, ಆದರೆ ನೆಕ್ ಕೂರುವ ಗುಳಿ ಅಳತೆಗೆ ಸರಿಯಾಗಿ ಕೊರೆಯದಿದ್ದಾಗ ನೆಕ್ ಪಕ್ಕಕ್ಕೆ ಸರಿಯುತ್ತಿತ್ತು, ಸಣ್ಣ ಇ ತಂತಿ ಅಂಚಿನಿಂದ ಜಾರುತ್ತಿತ್ತು. ಎಲ್ಲವೂ ಹಾಗೇ ಅಂತಲೂ ಅಲ್ಲ. 1969ರಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ನುಡಿಸಿದ ಬಿಳಿ ಸ್ಟ್ರ್ಯಾಟ್ ಸಿಬಿಎಸ್ ಕಾಲದ್ದೇ.

ಅದೇ ಹೊತ್ತಿಗೆ ಜಪಾನ್‌ನ ಕಾರ್ಖಾನೆಗಳು ಹಳೇ ಫೆಂಡರ್, ಗಿಬ್ಸನ್‌ಗಳನ್ನು ಅಚ್ಚುಕಟ್ಟಾಗಿ ನಕಲು ಮಾಡೋದು ಕಲಿತಿದ್ದವು. ಕೊನೆಗೆ ಫೆಂಡರ್ 1982ರಲ್ಲಿ ಫೆಂಡರ್ ಜಪಾನ್ ಶುರು ಮಾಡಿ ಮಾತ್ಸುಮೊಟೊ ಊರಿನ ಫುಜಿಗೆನ್ ಕಾರ್ಖಾನೆಗೇ ಕೆಲಸ ಕೊಟ್ಟಿತು. ಐಬನೆಜ್‌ಗೂ ಮಾಡಿಕೊಡುತ್ತಿದ್ದವರು ಅವರೇ. ಮೊದಲ ಕೆಲವು ವರ್ಷ ಸೀರಿಯಲ್ ನಂಬರ್ ಜೆವಿ ಅಂತ ಶುರುವಾಗುತ್ತದೆ. ಆ ಜೆವಿ ಸ್ಕ್ವೈಯರ್‌ಗಳನ್ನು ಜನ ಈಗಲೂ ಹುಡುಕಿ ಕೊಳ್ಳುತ್ತಾರೆ. 1985ರಲ್ಲಿ ಕಂಪನಿಯ ನೌಕರರೇ ಸೇರಿ ಸಿಬಿಎಸ್‌ನಿಂದ ಫೆಂಡರ್ ವಾಪಸ್ ಕೊಂಡಾಗ ಫುಲರ್ಟನ್ ಕಾರ್ಖಾನೆ ವ್ಯವಹಾರದಲ್ಲಿ ಇರಲಿಲ್ಲ. ಕರೋನಾದಲ್ಲಿ ಹೊಸದು ಸರಿಯಾಗಿ ಏಳುವ ತನಕ ಫೆಂಡರ್ ಮಾರಿದ್ದರಲ್ಲಿ ಹೆಚ್ಚಿನವು ಜಪಾನ್‌ನವು. 1987ರಲ್ಲಿ ಮೆಕ್ಸಿಕೋದ ಎನ್ಸೆನಾಡ ಕಾರ್ಖಾನೆ ಬಂತು. ಕರೋನಾದಿಂದ ಅಲ್ಲಿಗೆ ರಸ್ತೆಯಲ್ಲಿ ಸುಮಾರು 300 ಕಿ.ಮೀ., ಬೆಂಗಳೂರಿನಿಂದ ಮಂಗಳೂರಿಗೆ ಇರೋದಕ್ಕಿಂತ ಕಮ್ಮಿ.

ಹಾಗಾಗಿ ಜಪಾನ್ ಚೆನ್ನಾಗಿತ್ತು ಅನ್ನೋದು ಕಥೆಯಲ್ಲ. ಆದರೆ ಅದು ಜಪಾನ್‌ನ ಗಾಳಿಯಿಂದ ಬಂದದ್ದಲ್ಲ. ಒಂದು ಕಾರ್ಖಾನೆ, ಒಂದು ಕಾಲ, ಒಂದು ಬೆಲೆಯ ಮಟ್ಟ ಸೇರಿ ಆದದ್ದು. ಅದೇ ಜಪಾನ್‌ನಿಂದ ಕಡಿಮೆ ದರ್ಜೆಯವೂ ಬಂದಿವೆ. ಎಂಬತ್ತರ ದಶಕದ ಕೊನೆಗೆ ಸ್ಕ್ವೈಯರ್ ಟು ಅನ್ನೋ ಸರಣಿ ಭಾರತದಲ್ಲೂ ತಯಾರಾಗಿತ್ತು ಅಂತ ಎಷ್ಟು ಜನಕ್ಕೆ ಗೊತ್ತು!

ಮರದ ವಿಷಯ ಬಂತಲ್ಲ, ಒಂದು ಸೇರಿಸ್ತೀನಿ. ಎಷ್ಟೋ ದುಬಾರಿ ಅಮೆರಿಕನ್ ಗಿಟಾರ್‌ಗಳ ಫಿಂಗರ್‌ಬೋರ್ಡ್ ನಮ್ಮ ಬೀಟೆ ಮರ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಅದೇ ಜಾತಿ. 2011ರಲ್ಲಿ ಗಿಬ್ಸನ್ ಕಾರ್ಖಾನೆ ಮೇಲೆ ಅಮೆರಿಕದ ಅಧಿಕಾರಿಗಳು ದಾಳಿ ಮಾಡಿದ್ದು ಭಾರತದಿಂದ ಹೋದ ಬೀಟೆ, ಎಬೊನಿ ಪಟ್ಟಿಗಳ ವಿಚಾರಕ್ಕೇ. 2017ರ ಜನವರಿಯಲ್ಲಿ ಸೈಟಿಸ್ (ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ) ಒಪ್ಪಂದದಡಿ ಬೀಟೆ ಕುಲದ ಎಲ್ಲ ಮರಗಳಿಗೂ ಗಡಿ ದಾಟೋಕೆ ಕಾಗದಪತ್ರ ಬೇಕು ಅಂತಾಯಿತು. ಆಗ ಫೆಂಡರ್ ಮೆಕ್ಸಿಕೋದ ಗಿಟಾರ್‌ಗಳಿಗೆ ಪಾವ್ ಫೆರೊ ಮರ ಹಾಕಿತು. ಜನ ಟೋನ್ ಹೋಯಿತು ಅಂತ ಗಲಾಟೆ ಮಾಡಿದರು. ಮರ ಬದಲಾಗಿದ್ದಕ್ಕೆ ಕಾರಣ ಪರವಾನಗಿಯ ತಲೆನೋವು, ಗುಣಮಟ್ಟ ಅಲ್ಲ. 2019ರ ಕೊನೆಯಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಈಗಿನ ಪ್ಲೇಯರ್ ಟೂನಲ್ಲಿ ಬೀಟೆ ವಾಪಸ್ ಬಂದಿದೆ.

ಹಳೇ ಜಪಾನ್ ಗಿಟಾರ್ ನೋಡೋದಾದರೆ ಭಾವನಿಗೆ ಹೇಳಿ, ನಟ್ ಕಡೆಯ ಮೊದಲ ಫ್ರೆಟ್‌ಗಳು ಎಷ್ಟು ಸವೆದಿವೆ ನೋಡಲಿ, ಟ್ರಸ್ ರಾಡ್ (ನೆಕ್ ಬಾಗು ಸರಿಪಡಿಸುವ ಒಳಗಿನ ಸರಳು) ಎರಡೂ ಕಡೆ ತಿರುಗುತ್ತಾ ನೋಡಲಿ. ರಾಡ್ ಕೊನೆ ಮುಟ್ಟಿ ನಿಂತಿದ್ದರೆ ಯಾವ ಸೀರಿಯಲ್ ನಂಬರ್ ಇದ್ದರೂ ಬೇಡ.

ಆಂಪ್ ಧಾರವಾಡ ಬರೆದಿದ್ದು:

ಮೈಸೂರಿನವರಿಗೆ ನನ್ನ ಸಲಹೆ: ಕ್ಲಾಸಿಕ್ ವೈಬ್ ತಗೊಂಡು ಉಳಿದ ದುಡ್ಡಿನಲ್ಲಿ ಫ್ರೆಟ್ ಲೆವೆಲಿಂಗ್, ಹೊಸ ನಟ್, ಒಳ್ಳೆ ಪಾಟ್ ಹಾಕಿಸಿ. ಇನ್ನೂ ಉಳಿದರೆ ಅದನ್ನು ಆಂಪ್‌ಗೆ ಹಾಕಿ. ಪ್ರೇಕ್ಷಕರಿಗೆ ಕೇಳಿಸೋದರಲ್ಲಿ ದೊಡ್ಡ ಪಾಲು ಆಂಪ್ ಮತ್ತು ಸ್ಪೀಕರ್.

ಫ್ರೆಟ್ ಕೆಲಸ ಬರೆದಿದ್ದು:

ನಾನಾಗಿದ್ರೆ ಮೆಕ್ಸಿಕೋದ್ದು. ಅವರಿಗೆ ಕೈಗೆ ಕೂತಿತು, ಶ್ರುತಿ ನಿಂತಿತು ಅಂತ ಅವರೇ ಬರೆದಿದ್ದಾರಲ್ಲ. ಪಿಕಪ್ ಬೇಕಾದಾಗ ಬದಲಾಯಿಸಬಹುದು, ನೆಕ್ ಕೈಗೆ ಕೂರೋದು ಅಷ್ಟು ಸುಲಭಕ್ಕೆ ಸಿಗಲ್ಲ. ಚೆನ್ನಾಗಿ ಅನಿಸಿದ ಗಿಟಾರನ್ನು ಜನ ಜಾಸ್ತಿ ಹೊತ್ತು ನುಡಿಸುತ್ತಾರೆ.

ಮತ್ತೆ ಅಂಗಡಿಗೆ ಹೋದಾಗ ನಿಮ್ಮದೇ ಕೇಬಲ್ ತಗೊಂಡು ಹೋಗಿ. ಎರಡಕ್ಕೂ ನೆಕ್ ಬಾಗು ನೋಡಿಸಿ: ಒಂದನೇ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ ಕೊನೇ ಫ್ರೆಟ್ ಒತ್ತಿದರೆ, ಎಂಟನೇ ಫ್ರೆಟ್ ಮೇಲೆ ತಂತಿ ಕೆಳಗೆ ಕಾಲು ಮಿಲಿಮೀಟರ್ ಜಾಗ ಇರಬೇಕು. 17ನೇ ಫ್ರೆಟ್‌ನಲ್ಲಿ ತಂತಿ ಎತ್ತರ 1.6 ಮಿ.ಮೀ. ಸುತ್ತ. ಎರಡೂ ಆ ಅಳತೆಗೆ ಬಂದ ಮೇಲೆ, ನೀವು ಬೆನ್ನು ತಿರುಗಿಸಿ ನಿಲ್ಲಿ, ಗೆಳೆಯ ನುಡಿಸಲಿ. ಯಾವುದು ಯಾವುದು ಅಂತ ಹೇಳಬೇಡ ಅಂತ ಮೊದಲೇ ಹೇಳಿಟ್ಟಿರಿ. ಆಮೇಲೆ ಏನು ಕೇಳಿಸಿತು ಅಂತ ಇಲ್ಲಿ ಬರೆಯಿರಿ.

ಮೈಸೂರು ಸ್ಟ್ರ್ಯಾಟ್ ಬರೆದಿದ್ದು:

ಶನಿವಾರ ಗೆಳೆಯನನ್ನೂ ಕರ್ಕೊಂಡು ಹೋಗ್ತೀನಿ. ಅಂಗಡಿಯವರಿಗೆ ಈಗಲೇ ಫೋನ್ ಮಾಡಿ ಎರಡಕ್ಕೂ ಒಂದೇ ಗೇಜಿನ ಹೊಸ ತಂತಿ ಹಾಕಿ ಸೆಟಪ್ ಮಾಡಿಡೋಕೆ ಹೇಳಿದ್ದೇನೆ, ಅದರ ಖರ್ಚು ನಾನೇ ಕೊಡ್ತೀನಿ ಅಂದೆ, ಒಪ್ಪಿದ್ದಾರೆ. ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಕೂಡ ನೋಡ್ತೀನಿ.